ಹತ್ತು ಮಂದಿ ಕೇಳುಗರು ಬೇಕಾಗಿದ್ದಾರೆ

ನಲವತ್ತು ವರ್ಷ ಗಾದಿಯ ಮೇಲೆ ಕೂತು ಸೀರೆ ಮಾರಿದವನು ಗಾದಿ ಇಳಿದು ಬೇರೆ ಕಸುಬಿಗೆ ಕೈ ಹಾಕಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗಂತೂ ಎರಡು ತಿಂಗಳು ಪ್ರತಿ ಶನಿವಾರ ತಪ್ಪದೇ ಆಯಿತು.

ನಮ್ಮದು ರಬಕವಿಯ ಸೀರೆ ಅಂಗಡಿ. ಮನೆ ಅದರ ಮೇಲೆ. ಮಕ್ಕಳಾಗಲಿಲ್ಲ. ಮನೆಯವಳು ಹೋಗಿ ಮೂರು ವರ್ಷವಾಯಿತು. ಗಿರಾಕಿಗಳು ಈಗ ಸೀರೆಯನ್ನು ಮೊಬೈಲಿನಲ್ಲಿ ನೋಡಿ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾರೆ. ಮುಂಜಾನೆ ಶಟರ್ ಎತ್ತಿದಾಗಿನಿಂದ ಸಂಜೆ ಇಳಿಸುವ ತನಕ ನಾನು ಆಡಿದ ಮಾತು ಹಾಲಿನವನಿಗೆ ಹೇಳಿದ ‘ಅರ್ಧಾ ಲೀಟರ್ ಹಾಕಪಾ’ ಎಂಬುದೊಂದೇ ಆದ ದಿನಗಳಿವೆ. ಇದನ್ನು ನಿಮ್ಮ ಕಣ್ಣಲ್ಲಿ ನೀರು ಬರಲೆಂದು ಹೇಳುತ್ತಿಲ್ಲ. ಸೀರೆಯಲ್ಲಿ ಎಳೆ ತಪ್ಪಿದ್ದರೆ ಮೊದಲೇ ತೋರಿಸಿ ಮಾರುವವನು ನಾನು, ಅದಕ್ಕೆ ತೋರಿಸುತ್ತಿದ್ದೇನೆ.

ಇಂಥದರಲ್ಲಿ ಪೇಪರಿನಲ್ಲಿ ಒಂದು ಪ್ರಕಟಣೆ ಕಂಡಿತು. ಜಮಖಂಡಿಯಲ್ಲಿ ಎಂಟು ಶನಿವಾರ ತರಬೇತಿ. ನಮ್ಮ ಸುತ್ತಿನ ಹಳೇ ಗುಡಿ, ಬಾವಿ, ವಾಡೆಗಳನ್ನು ನೋಡಲು ಬಂದವರಿಗೆ ಬರೀ ಇಸವಿ ಒಪ್ಪಿಸದೆ ಕತೆಯಾಗಿ ಹೇಳುವುದು ಹೇಗೆಂದು ಗೈಡುಗಳಿಗೂ ಶಾಲೆ ಮಾಸ್ತರರಿಗೂ ಕಲಿಸುತ್ತಾರೆ, ಆಸಕ್ತಿ ಇದ್ದ ನಾಗರಿಕರೂ ಬರಬಹುದು. ಪಾಸಾದವರಿಗೆ ಬ್ಯಾಜು. ಬ್ಯಾಜು ಇದ್ದವರ ಕಡೆ ಭಾನುವಾರ ಪ್ರವಾಸಿಗಳನ್ನು ಕಳಿಸುತ್ತಾರೆ. ನನಗೆ ಬೇಕಾದದ್ದು ಅಷ್ಟೇ. ಬ್ಯಾಜು ಹಾಕಿಕೊಂಡ ಮನುಷ್ಯ ಮಾತಾಡಿದರೆ ಮಂದಿ ನಿಂತು ಕೇಳಲೇಬೇಕು. ವಾರಕ್ಕೊಮ್ಮೆ ಮಂದಿ ನನ್ನ ಮಾತು ಕೇಳುತ್ತಾರೆಂದರೆ ಉಳಿದ ಆರು ದಿನ ಹೇಗೋ ದೂಡಬಹುದು.

ಮೊದಲ ದಿನವೇ ಧಾರವಾಡದಿಂದ ಬಂದ ತರಬೇತಿಯ ಮೇಡಂ ಪರೀಕ್ಷೆಯ ನಿಯಮ ಹೇಳಿಬಿಟ್ಟರು.

“ಕಡೀ ಶನಿವಾರ ಎಲ್ಲಾರೂ ನಿಮ್ಮ ನಿಮ್ಮ ಹತ್ತು ಮಂದಿ ಕೇಳುಗರನ್ನ ಕರ್ಕೊಂಡು ಬರಬೇಕ್ರಿ. ಮನಿಯವರು, ಓಣಿಯವರು, ಯಾರಾದ್ರೂ ಆಗ್ತದ. ಅರ್ಧಾ ತಾಸು ಕತಿ ಹೇಳಬೇಕು. ಮುಗಿಯೋ ಹೊತ್ತಿಗೆ ಹತ್ತು ಮಂದಿ ಕುಂತಿರಬೇಕು. ಒಂಬತ್ತು ಉಳಿದ್ರ ಬ್ಯಾಜ್ ಇಲ್ಲ.”

ಉಳಿದ ಹದಿನೇಳು ಮಂದಿ, ಇಷ್ಟೇನಾ ಎಂಬಂತೆ ತಲೆಯಾಡಿಸಿದರು. ನಾನು ಮೇಜಿನ ಕೆಳಗೆ ಬೆರಳು ಮಡಚತೊಡಗಿದೆ. ಹಾಲಿನವ ಒಬ್ಬ. ಎದುರಿನ ಚಾದಂಗಡಿಯವ ಇನ್ನೊಬ್ಬ. ಮೂರನೇ ಬೆರಳು ಹಾಗೇ ನಿಂತಿತು.

ಪೆಟ್ಟಿಗೆಯ ಸೀರೆ

ಎರಡನೇ ಶನಿವಾರ ಎಲ್ಲರೂ ಮನೆಯಿಂದ ಒಂದು ಹಳೇ ವಸ್ತು ತಂದು ಅದರ ಕತೆ ಹೇಳಬೇಕಿತ್ತು. ಒಬ್ಬರು ಅಜ್ಜಿಯ ಅಡಕೊತ್ತು ತಂದರು. ಮುಧೋಳದ ಹೆಡ್ ಮಾಸ್ತರರು ತಮ್ಮ ಮೊದಲ ಬೆತ್ತ ತಂದರು. ನಾನು ಮನೆಯವಳ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದುಕೊಂಡು ಹೋದೆ. ಬಾಳೆಎಲೆ ಬಣ್ಣ, ಕೆಂಪು ದಡಿ. ಅಂಗಡಿಗೆ ಬಂದ ಮಾಲಿನಲ್ಲಿ ಅವಳೇ ಆರಿಸಿ ಇಟ್ಟುಕೊಂಡದ್ದು. ‘ಛಲೋ ದಿನಾ ನೋಡಿ ಉಡತೇನಿ’ ಅನ್ನುತ್ತಿದ್ದಳು. ಅವಳಿಗೆ ಒಪ್ಪಿಗೆಯಾಗುವಷ್ಟು ಛಲೋ ದಿನ ಬರಲೇ ಇಲ್ಲ. ಮಡಿಕೆ ಬಿಚ್ಚದೇ ಉಳಿಯಿತು.

ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಕೈಗೆ ಸೀರೆ ಬಂದ ಮೇಲೆ ಕೈ ನನ್ನ ಮಾತು ಕೇಳುವುದಿಲ್ಲ. ಒಂದು ತುದಿ ಹಿಡಿದು ಗಾಳಿಯಲ್ಲಿ ಬೀಸಿದೆ. ಸೆರಗು ಮೇಜಿನ ಮೇಲೆ ಹಾಸಿಕೊಂಡು ಬಿತ್ತು. ನಮ್ಮ ಜೊತೆ ಕಲಿಯಲು ಬಂದಿದ್ದ ಶಾಲೆಯ ಅಕ್ಕೋರುಗಳು ನಾಲ್ಕು ಜನ ಎದ್ದು ಬಂದು ದಡಿ ಮುಟ್ಟಿದರು.

“ಇದೆಷ್ಟರಿ ಸಾವ್ಕಾರ್ರ?” ಎಂದು ಬನಹಟ್ಟಿಯ ಅಕ್ಕೋರು ಕೇಳಿದರು.

ನನಗಿಂತ ಮೊದಲು ನನ್ನ ಬಾಯಿ ದರ ಹೇಳಿಬಿಟ್ಟಿತು.

“ಹಂಗಾದ್ರ ಕಟ್ರಿ,” ಎಂದು ಅವರು ಪರ್ಸು ತೆಗೆದರು.

ನಾನು ಸೀರೆಯನ್ನು ಎದೆಗೆ ಅವಚಿಕೊಂಡು ನಿಂತೆ. “ಇದು ಮಾರೂದಲ್ರಿ ಅಕ್ಕೋರ.”

“ಮತ್ತ ದರಾ ಯಾಕ ಹೇಳಿದ್ರಿ?”

ನಾನು ಸೀರೆ ಮಡಚತೊಡಗಿದೆ. ಗಿರಾಕಿ ಹೂಂ ಅಂದ ಮೇಲೆ ನಾನು ಒಲ್ಲೆ ಅಂದದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು. ಮೇಡಂ ಮಾತ್ರ ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ಬರೆದರು: ‘ವಸ್ತು ಉತ್ತಮ. ಕತೆ ಇನ್ನೂ ಬಿಚ್ಚಬೇಕು.’

ನಾಮಿನಿ

ಆಮೇಲೆ ಹೋಂವರ್ಕ್ ಕೊಟ್ಟರು. ಎಲ್ಲರೂ ಒಂದೊಂದು ಕತೆ ಸಿದ್ಧ ಮಾಡಿ ದಿನಾ ಸಂಜೆ ಮನೆಯವರಿಗೆ ಹೇಳಬೇಕು. ಒಂದು ವಹಿಯಲ್ಲಿ ಮೂರು ಕಾಲಂ: ಯಾರಿಗೆ ಹೇಳಿದಿರಿ, ಎಷ್ಟು ಹೊತ್ತು ಕೇಳಿದರು, ಏನು ಕೇಳಿದರು.

ನನ್ನ ಕತೆ ತೇರದಾಳದ ಹಾದಿಯ ಒಂದು ಹಳೇ ಕಲ್ಲಿನ ಗುಡಿಯದು. ಅದರ ಕಂಬವೊಂದರ ಮೇಲೆ ಒಬ್ಬ ಹೆಣ್ಣುಮಗಳ ಶಿಲ್ಪವಿದೆ. ಮಂದಿ ಅವಳ ಮುಖ ನೋಡಿ ಮುಂದೆ ಹೋಗುತ್ತಾರೆ. ನಾನು ಸೀರೆ ನೋಡುವವ. ಅವಳ ನಿರಿಗೆ, ದಡಿ, ಸೆರಗು ಬಿದ್ದ ರೀತಿ ನೋಡಿದರೆ, ಕೆತ್ತಿದವನು ಮಗ್ಗದ ಮನೆಯಲ್ಲಿ ತಿಂಗಳುಗಟ್ಟಲೆ ಕೂತಿರಬೇಕು ಎನಿಸುತ್ತದೆ. ಅಲ್ಲಿಂದ ನನ್ನ ಕತೆ.

ಮೊದಲು ಹಾಲಿನವನಿಗೆ ಹೇಳಿದೆ. “ಸಾವ್ಕಾರ್ರ, ಎಮ್ಮಿ ಕಾಯಾಕತ್ತಾವ್ರಿ,” ಎಂದ. ಮರುದಿನದಿಂದ ಹಾಲಿನ ಚೀಲವನ್ನು ಚಿಲಕಕ್ಕೆ ಸಿಕ್ಕಿಸಿ, ಗಂಟೆ ಬಾರಿಸದೆ ಹೋಗತೊಡಗಿದ. ಹಾಗಾಗಿ ಬೆರಳು ಎರಡರಿಂದ ಒಂದಕ್ಕೆ ಇಳಿಯಿತು.

ಮೂರನೇ ಸಂಜೆ ಒಂದು ಫೋನ್ ಬಂತು. ಎಳೆ ದನಿಯ ಹುಡುಗಿ, ಬೆಂಗಳೂರು ಕಡೆಯ ಮಾತು.

“ಸರ್, ನಿಮಗೆ ಜೀವವಿಮೆ ಮಾಡಿಸೋ ಆಸಕ್ತಿ ಇದೆಯಾ?”

“ಐತಿ ತಂಗಿ. ಮೊದಲ ಒಂದು ಕತಿ ಕೇಳು.”

ಕೇಳಿದಳು. ಪಾಪ, ಕೇಳಲೇಬೇಕಾದ ಕೆಲಸ ಅವಳದು. ನಡುನಡುವೆ ‘ಹ್ಞಾಂ ಸರ್, ಓಕೆ ಸರ್’ ಅನ್ನುತ್ತಿದ್ದಳು. ಆ ಓಕೆ ಕೇಳಿ ನನಗೆ ಹುರುಪು ಬಂದು, ಕತೆಯಲ್ಲಿ ಇಲ್ಲದ ಒಬ್ಬ ತಮ್ಮನನ್ನು ಶಿಲ್ಪಿಗೆ ಕೊಟ್ಟೆ. ತಮ್ಮನಿಗೆ ಲಗ್ನವನ್ನೂ ಮಾಡಿದೆ. ಮುಗಿಸಿದಾಗ ಆಕೆ, “ತುಂಬಾ ಚೆನ್ನಾಗಿತ್ತು ಸರ್. ಈಗ ನಾಮಿನಿ ಹೆಸರು ಹೇಳ್ತೀರಾ?” ಎಂದಳು.

“ಯಾರದು ಹೇಳಬೇಕವ್ವಾ?”

“ನಿಮಗೆ ಹತ್ತಿರದವರು ಯಾರಾದ್ರೂ ಸರಿ ಸರ್. ಹೆಂಡತಿ, ಮಕ್ಕಳು, ಅಣ್ಣ ತಮ್ಮ.”

ವಹಿ ತೆಗೆದು ನೋಡಿದೆ. ಆ ವಾರದಲ್ಲಿ ನನ್ನ ಜೊತೆ ಹದಿನೈದು ನಿಮಿಷ ಮಾತಾಡಿದವರು ಬೇರೆ ಯಾರೂ ಇರಲಿಲ್ಲ. ಪ್ರಾಮಾಣಿಕವಾಗಿಯೇ ಕೇಳಿದೆ: “ನಿನ್ನ ಹೆಸರೇನವ್ವಾ?”

ಫೋನ್ ಕಟ್ಟಾಯಿತು. ಅಂದಿನಿಂದ ನನ್ನ ನಂಬರಿಗೆ ವಿಮೆಯವರ ಫೋನೇ ಬಂದಿಲ್ಲ. ಚಾದಂಗಡಿಯವ, ಇಂಥ ಫೋನುಗಳನ್ನು ನಿಲ್ಲಿಸುವ ಉಪಾಯ ಹೇಳಿಕೊಡಿ ಎಂದು ಇವತ್ತಿಗೂ ಗಂಟುಬೀಳುತ್ತಾನೆ.

ಎತ್ತರದ ಪ್ರಕಾರ ಸಾಲು

ಒಂದು ಶನಿವಾರ ಕತೆ ಹೇಳುವ ರೂಢಿ ಮಾಡಿಸಲು ಮೇಡಂ ನಮ್ಮನ್ನು ಮುಧೋಳದ ಹಳೇ ವಾಡೆಯ ಹೊರಗೆ ಕರೆದುಕೊಂಡು ಹೋದರು. ಅಂದು ಹೇಳುವ ಪಾಳಿ ಹೆಡ್ ಮಾಸ್ತರರದು. ಕೇಳುವವರು ವಿಜಯಪುರದಿಂದ ಬಂದ ಬ್ಯಾಂಕಿನ ನೌಕರರು, ಎಲ್ಲರೂ ನಲವತ್ತು ದಾಟಿದವರು.

ಮಾಸ್ತರರು ಮೊದಲು ಅವರನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ, ನಿಂತರು. ಮುಧೋಳದ ಬೇಟೆನಾಯಿಯ ಕತೆ ಶುರುವಾಯಿತು. ನಾಯಿ ಮೊಲದ ಬೆನ್ನು ಹತ್ತಿದ ಹೊತ್ತಿಗೆ ಮಾಸ್ತರರು ಥಟ್ಟನೆ ನಿಂತರು.

“ಹಿಂದಿನ ಸಾಲು. ಏನು ತಿನ್ನಾಕತ್ತೀದಿ?”

ಬ್ಯಾಂಕಿನ ಮ್ಯಾನೇಜರು ಬಾಯಲ್ಲಿದ್ದ ಶೇಂಗಾ ನುಂಗಿ, ಕೈಯಲ್ಲಿದ್ದದ್ದನ್ನು ಕಿಸೆಗೆ ಸುರಿದುಕೊಂಡರು.

“ತಿಳದವರು ಕೈ ಎತ್ತರಿ,” ಎಂದರು ಮಾಸ್ತರರು ಕೊನೆಗೆ. ಎಲ್ಲರ ಕೈ ಮೇಲೆದ್ದವು. ಮ್ಯಾನೇಜರದು ಮಾತ್ರ ಕಿರುಬೆರಳು.

“ಹೋಗು, ಲಗೂನ ಬಾ.”

ಅವರು ಓಡಿದರು. ತಿರುಗಿ ಬಂದಾಗ ಗುಂಪಿಗೆ ಸೇರದೆ ಹತ್ತು ಹೆಜ್ಜೆ ದೂರವೇ ನಿಂತು, ಬಯಲಿನಲ್ಲಿ ಇಲ್ಲದ ಬಾಗಿಲನ್ನು ನೋಡುತ್ತ, “ಒಳಗ ಬರ್ಲಿ ಸರ್?” ಎಂದರು.

ಬೀಳಗಿಯ ಬಾವಿ

ಮೇಡಂ ಕಲಿಸಿದ ದೊಡ್ಡ ವಿದ್ಯೆಯೆಂದರೆ ಕತೆಯನ್ನು ನಡುವೆ ನಿಲ್ಲಿಸುವುದು. ಕೇಳುವವರ ಜೀವ ತಡೆಯಬಾರದು, ಮುಂದೇನು ಎಂದು ಅವರೇ ಕೇಳಬೇಕು. ಬೀಳಗಿಯಲ್ಲಿ ಇದನ್ನು ಮಾಡಿ ತೋರಿಸುವ ಪಾಳಿ ಆಟೋ ಓಡಿಸುತ್ತ ಗೈಡ್ ಕೆಲಸವನ್ನೂ ಮಾಡುವ ನಮ್ಮ ಜೊತೆಗಾರನದು. ಒಂದು ಹಳೇ ಮೆಟ್ಟಿಲು ಬಾವಿಯ ದಂಡೆ. ಊರು ನೋಡಲು ಬಂದ ಏಳೆಂಟು ಮಂದಿ, ಜೊತೆಗೆ ನಾನು.

“ಆ ದಿನಾ ಸೊಸಿ ಕೊಡಾ ತಗೊಂಡು ಬಾವಿ ಇಳಿದಳು,” ಎಂದ ಅವನು ದನಿ ತಗ್ಗಿಸಿ. “ಒಂದು ತಾಸಾತು. ಎರಡು ತಾಸಾತು. ಇಳಿದಾಕಿ ಮ್ಯಾಲ ಬರಲೇ ಇಲ್ಲ.” ಅಷ್ಟಕ್ಕೆ ನಿಲ್ಲಿಸಿ ಎಲ್ಲರ ಮುಖ ನೋಡಿದ. ನಿಲ್ಲಿಸಿದ್ದು ಬಹಳ ಚೆನ್ನಾಗಿಯೇ ಇತ್ತು.

ಪಕ್ಕದ ಕಟ್ಟೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದ ಅಜ್ಜಿಯೊಬ್ಬಳು ತಲೆ ಎತ್ತಿದಳು.

“ಬಂದಳಲ್ಲೋ. ಯಾಕ ಬರಂಗಿಲ್ಲ? ನಮ್ಮ ಅತ್ತಿಯ ಮುತ್ತಜ್ಜಿ ಆಕಿ. ಗಂಡನ ಮ್ಯಾಲ ಸಿಟ್ಟಿಗೆದ್ದು ಒಳಗ ಕುಂತಿದ್ದಳು. ಹಸಿವಾಗಿಂದ ಬಂದಳು. ಬಂದು ಏಳು ಮಕ್ಕಳ ಹಡದಳು.”

ಪ್ರವಾಸಿಗಳು ಒಬ್ಬೊಬ್ಬರಾಗಿ ಅಜ್ಜಿಯ ಕಡೆ ಸರಿದರು. ಏಳು ಮಕ್ಕಳ ಕತೆ ಶುರುವಾಯಿತು. ಮೂರನೇ ಮಗನಿಗೆ ಬರುವ ಹೊತ್ತಿಗೆ ನಾವೆಲ್ಲ ಅವಳ ಮನೆಯ ಪಡಸಾಲೆಯಲ್ಲಿ ಚಹ ಕುಡಿಯುತ್ತಿದ್ದೆವು.

“ನಿಮ್ಮ ಮನ್ಯಾಗ ಯಾರ್‍ಯಾರದಾರ್ರಿ?” ಎಂದು ಅಜ್ಜಿ ನನ್ನನ್ನು ಕೇಳಿದಳು.

“ಯಾರಿಲ್ಲ ಯವ್ವಾ.”

“ಹಂಗಾದ್ರ ಅವಸರೇನೈತಿ? ಇನ್ನೊಂದು ಕಪ್ ಕುಡೀರಿ.”

ಮೂರು ಕಪ್ಪು ಕುಡಿದೆ. ಹೊರಗೆ ಆಟೋದ ಹಾರ್ನ್ ಆಗುತ್ತಲೇ ಇತ್ತು. ಕೊನೆಗೆ ಅವನೇ ಬಾಗಿಲಿಗೆ ಬಂದು, “ಸಾವ್ಕಾರ್ರ, ನೀವೊಬ್ಬರಾದ್ರೂ ಬರ್ರಿ, ನಂದು ಅರ್ಧಾ ಉಳದೈತಿ,” ಎಂದ. ಜೊತೆಗಾರ ಎಂದು ಎದ್ದು ಹೋಗಿ ದಂಡೆಯ ಮೇಲೆ ಒಬ್ಬನೇ ಕೂತು ಕೇಳಿದೆ. ಅವನ ಕತೆಯಲ್ಲಿ ಸೊಸೆ ಬಾವಿಯಲ್ಲೇ ಉಳಿದು ದೇವತೆಯಾದಳು. ಅವಳ ವಂಶದವರು ಒಳಗೆ ನಾಲ್ಕನೇ ಸಲ ಚಹ ಸೋಸುತ್ತಿದ್ದರು.

ತೇರದಾಳದ ಹಾದಿ

ಕಡೇ ವಾರ ಬಂತು. ಎಲ್ಲರ ಪರೀಕ್ಷೆಯೂ ತೇರದಾಳದ ಹಾದಿಯ ಅದೇ ಗುಡಿಯಲ್ಲಿ, ಆ ಗುಡಿಯದೇ ಕತೆ ಎಂದು ಮೇಡಂ ಗೊತ್ತುಮಾಡಿದ್ದರು. ಮೊಬೈಲಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದೆ. ಅರ್ಧ ಸೂರತ್ತಿನ ವ್ಯಾಪಾರಿಗಳು, ಕಾಲು ಭಾಗ ಲಾರಿಯವರು, ಉಳಿದವರಲ್ಲಿ ಕೆಲವರು ತೀರಿಹೋದವರು. ಅಳಿಸಲು ಮನಸ್ಸಾಗದೆ ಬಿಟ್ಟ ಹೆಸರುಗಳು. ಬದುಕಿದ್ದವರಿಗೆ ಫೋನ್ ಮಾಡಿದೆ. ಒಬ್ಬ ಸೋದರಳಿಯ, “ಮಾಮಾ, ಅವತ್ತ ಕುಬಸದ ಕಾರ್ಯ ಐತ್ರಿ,” ಎಂದ. ಮಗ್ಗದವನೊಬ್ಬ, “ಕತಿ ರೆಕಾರ್ಡ್ ಮಾಡಿ ಕಳಸ್ರಿ, ಕೇಳತೇನಿ,” ಎಂದ. ಚಾದಂಗಡಿಯವ ಬರುತ್ತೇನೆಂದವನು ಹಿಂದಿನ ದಿನ ಜ್ವರ ಬಂದು ಮಲಗಿದ. ಮಡಚಿದ ಬೆರಳೆಲ್ಲ ಬಿಚ್ಚಿದಂತಾಯಿತು.

ಶನಿವಾರ ಮುಂಜಾನೆ, ಹೋಗಿ ಮೇಡಮ್ಮಿಗೆ ‘ನನ್ನಿಂದ ಆಗಲಿಲ್ರಿ’ ಎಂದು ಹೇಳಿ ಬಂದರಾಯಿತೆಂದು ಶಟರ್ ಇಳಿಸುತ್ತಿದ್ದೆ. ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಮೊದಲು ಒಬ್ಬ ಮುದುಕಿ ಇಳಿದಳು.

“ಯಾಕ್ರಿ ಸಾವ್ಕಾರ್ರ, ಬಾಗಲಾ ಹಾಕಾಕತ್ತೀರಿ? ಮಗಳ ಲಗ್ನದ ಜವಳಿ ನಿಮ್ಮಲ್ಲೇ ತಗೊಂಡಿದ್ದೆ. ಈಗ ಮೊಮ್ಮಗಳದ್ದು ಐತಿ.” ಒಳಗೆ ಇಣುಕಿದಳು. “ಬಣ್ಣಾ ಆರಿಸಿ ಕೊಡತಿದ್ದರಲ್ಲ, ನಿಮ್ಮ ಮನಿಯವರು, ಎಲ್ಲೆದಾರ?”

“ಹೋಗಿ ಮೂರು ವರ್ಷ ಆತ್ರಿ.”

“ಅಯ್ಯ ಶಿವನ. ಮತ್ತ ನಮಗ ಬಣ್ಣಾ ಯಾರು ಆರಸ್ತಾರ?”

ನನ್ನ ಲಕ್ಷ್ಯ ಗಾಡಿಯ ಕಡೆ ಇತ್ತು. ಮದುಮಗಳು, ಅವಳ ತಾಯಿ, ಸೋದರಮಾವ, ಕಾಕಿಯರು, ಅತ್ತೆಯರು ಇಳಿಯುತ್ತಲೇ ಇದ್ದರು. ನಮ್ಮ ಕಡೆ ಲಗ್ನದ ಜವಳಿಗೆ ಉಡುವವಳು ಒಬ್ಬಳಾದರೆ ಒಪ್ಪುವವರು ಹತ್ತು ಜನ ಬರುತ್ತಾರೆ. ಹನ್ನೊಂದು ಎಣಿಸಿದೆ. ಇಳಿಸಿದ ಶಟರಿಗೆ ಬೀಗ ಹಾಕಿದೆ.

“ಸೀರಿ ತೋರಸ್ತೇನ್ರಿ. ಆದ್ರ ಮೊದಲ ಎಲ್ಲಾರೂ ನನ್ನ ಜೋಡಿ ತೇರದಾಳದ ಕಡೆ ಬರ್ರಿ. ಒಂದು ತಾಸಿನ ಮಾತು.”

“ಛಲೋ ಮಾಲು ಅಲ್ಲಿ ಗೋಡೌನ್‌ದಾಗ ಇಟ್ಟೀರೇನು?” ಎಂದ ಸೋದರಮಾವ.

“ನೋಡಿದ ಮ್ಯಾಲ ನೀವ ಹೇಳ್ರಿ,” ಎಂದೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ವ್ಯಾಪಾರದಲ್ಲಿ ಇಷ್ಟು ನಡೆಯುತ್ತದೆ.

ಗುಡಿಯ ಅಂಗಳದಲ್ಲಿ ಜಾತ್ರೆಯೇ ಆಗಿತ್ತು. ಹೆಡ್ ಮಾಸ್ತರರು ಬಾಗಿಲ ಹತ್ತಿರ ನಲವತ್ತು ಮಕ್ಕಳನ್ನು ಕೂರಿಸಿಕೊಂಡಿದ್ದರು. ಆಟೋದವನು ಬೀಗರ ಮನೆಯನ್ನೇ ತಂದಿದ್ದ. ನಾನು ನನ್ನ ಹನ್ನೊಂದು ಮಂದಿಯನ್ನು ಕಂಬದ ಮುಂದೆ ಕೂರಿಸಿದೆ. ಮೇಡಂ ಗಡಿಯಾರ ನೋಡಿಕೊಂಡು ಹಿಂದೆ ಕೂತರು.

“ಸೀರಿ ಗಂಟು ಎಲ್ಲಿ?” ಎಂದಳು ಮುದುಕಿ, ಕಂಬದ ಹಿಂದೆ ಹಣಿಕಿ ಹಾಕುತ್ತ.

ನಾನು ಕಲ್ಲಿನ ಹೆಣ್ಣುಮಗಳ ನಿರಿಗೆಯ ಮೇಲೆ ಬೆರಳಿಟ್ಟೆ. ಎಷ್ಟು ಮಾರು ಸೀರೆ, ಯಾವ ಕೈಯಿಂದ ಉಟ್ಟದ್ದು, ಸೆರಗು ಇಷ್ಟು ಭಾರವಾಗಿ ಬೀಳಬೇಕಾದರೆ ಎಂಥ ನೂಲು, ಕೆತ್ತಿದವನು ಇದನ್ನೆಲ್ಲ ಯಾರ ಮೈಮೇಲೆ ನೋಡಿ ಕಲಿತ ಎಂದು ಹೇಳುತ್ತ ಹೋದೆ. ಮಾಲು ಹೊರಗೆ ಬರುವ ತನಕ ಗಿರಾಕಿ ಏಳುವುದಿಲ್ಲ, ಇವರೂ ಏಳಲಿಲ್ಲ. ಹತ್ತು ನಿಮಿಷವಾದ ಮೇಲೆ ಗಂಟನ್ನೇ ಮರೆತರು. ಒಬ್ಬ ಅತ್ತೆ ಎದ್ದು ಬಂದು ದಡಿಯನ್ನು ಸವರಿ, “ಇಂಥಾ ದಡಿ ನಮ್ಮವ್ವನ ಸೀರಿಗಿತ್ತು,” ಎಂದಳು. ಮದುಮಗಳು ಫೋಟೋ ತೆಗೆದುಕೊಂಡಳು.

ಇಪ್ಪತ್ತು ನಿಮಿಷಕ್ಕೆ ಸೋದರಮಾವ ಬಾಯಿ ಬಿಟ್ಟ. “ಎಷ್ಟು ವರ್ಷದ್ದರಿ ಇದು?”

“ಒಂಬೈನೂರು.”

ಮುದುಕಿ ಮುಖ ಸಿಂಡರಿಸಿ, ಕೈಯ ಹಿಂಬದಿಯಿಂದ ಕಂಬವನ್ನು ಆಚೆ ತಳ್ಳಿದಂತೆ ಮಾಡಿದಳು. “ಏ, ಭಾಳ ಆತು. ಬರೋಬ್ಬರಿ ಹೇಳ್ರಿ.”

“ಬರೋಬ್ಬರಿನ ಹೇಳೇನ್ರಿ.”

“ಹಂಗಾದ್ರ ಬರ್ತೇವ್ರಿ,” ಎಂದು ಮುದುಕಿ ಮೊಣಕಾಲಿಗೆ ಕೈ ಕೊಟ್ಟು ಅರ್ಧ ಎದ್ದಳು. ಅವಳ ಜೊತೆ ಉಳಿದ ಹತ್ತೂ ಮಂದಿ ಅರ್ಧ ಎದ್ದರು. ಜವಳಿಗೆ ಬಂದ ಮಂದಿ ಏಳುವುದೇ ಹಾಗೆ.

ಹಿಂದೆ ಮೇಡಂ ಪೆನ್ನು ಎತ್ತಿದರು. ಬ್ಯಾಜು ನನ್ನ ಕಣ್ಣೆದುರೇ ಎದ್ದು ಹೋಗುತ್ತಿತ್ತು. ಮುಂದಿನದನ್ನು ನಾನು ಹೇಳಲಿಲ್ಲ, ನಲವತ್ತು ವರ್ಷದ ರೂಢಿ ಹೇಳಿತು: “ಕುಂದರ್ರಿ ಯವ್ವಾ. ಹಳೇ ಗಿರಾಕಿ ನೀವು. ಎಂಟುನೂರು ಹಿಡೀರಿ.”

“ಏಳುನೂರು.”

“ಗಿಟ್ಟೂದಿಲ್ರಿ. ಏಳುನೂರಾ ಐವತ್ತು, ಕಡೀ ಮಾತು.”

ಮೇಡಂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಮುದುಕಿ ಪೂರ್ತಿ ಎದ್ದು ನಿಂತಳು. “ಆತು ತಗೋರಿ. ಬಾಜೂದವರ ಕಡೆ ಒಮ್ಮೆ ಕೇಳಿ ಬರ್ತೇವಿ.” ಹನ್ನೊಂದೂ ಮಂದಿ ಸಾಲಾಗಿ ಅಂಗಳ ದಾಟಿ ಹೆಡ್ ಮಾಸ್ತರರ ಕಡೆ ನಡೆದರು.

ನಾನೂ ಕಂಬವೂ ಉಳಿದೆವು. ಅಂಗಡಿಯಲ್ಲಾದರೆ ಗಿರಾಕಿ ಎದ್ದು ಹೋದ ಮೇಲೆ ಮಡಚಿಡಲು ಸೀರೆಗಳಾದರೂ ಇರುತ್ತವೆ, ಕೈಗೆ ಕೆಲಸವಿರುತ್ತದೆ. ಇಲ್ಲಿ ಅದೂ ಇಲ್ಲ. ಆರು ನಿಮಿಷ ಉಳಿದಿತ್ತು.

ಆಚೆಯಿಂದ ಮಾತು ಕೇಳುತ್ತಿತ್ತು.

“ನಿಮ್ಮಲ್ಲಿ ಎಷ್ಟಕ್ಕೈತ್ರಿ ಈ ಗುಡಿ?”

“ಒಂಬೈನೂರು ವರ್ಷ. ನಡುವ ಮಾತಾಡಬ್ಯಾಡ, ಕೂಡು,” ಎಂದರು ಮಾಸ್ತರರು.

“ಕಡೀ ಮಾತು?”

“ಒಂದ್ಸಲ ಹೇಳಿದ್ದು ತಿಳಿಯೂದಿಲ್ಲೇನು?”

ಅಂಗಳದಲ್ಲಿ ಮತ್ತೆ ಚಪ್ಪಲಿಯ ಸಪ್ಪಳವಾಯಿತು. ಮುಂದೆ ಮುದುಕಿ, ಹಿಂದೆ ಹತ್ತು ಮಂದಿ. ಬಂದು ಎದ್ದ ಜಾಗದಲ್ಲೇ ಕೂತರು. ಮೇಡಂ ತಲೆ ಎಣಿಸಿ, ಗಡಿಯಾರ ನೋಡಿ, ಹಾಳೆಯ ಮೇಲೆ ಹನ್ನೊಂದು ಎಂದು ಬರೆದುಕೊಂಡರು.

ಮುದುಕಿ ಸೆರಗು ಸರಿ ಮಾಡಿಕೊಂಡು ನನ್ನ ಕಡೆ ನೋಡಿದಳು.

“ಆ ಮಾಸ್ತರ ಒಂದು ವರ್ಷಾನೂ ಬಿಡವೊಲ್ಲ. ನಿಮ್ಮಲ್ಲೇ ಸೋವಿ ಐತಿ. ಹೂಂ, ಹೇಳ್ರಿ ಮುಂದ.”